ಕಾಣದವರಿಗೆ ಹಾಕಿದ ಮೂರು ತಾಟು

2018ರ ಶ್ರಾವಣದ ಒಂದು ಸೋಮವಾರ ಮಧ್ಯಾಹ್ನ, ಹುಮನಾಬಾದಿನ ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಿದ್ದ ನನ್ನ ಭಾವ ಅಡುಗೆಮನೆಯ ಕಡೆ ತಿರುಗಿ, ಮೂರು ಮಂದಿ ಬಂದಿದ್ದಾರೆ, ತಾಟು ಹಾಕು ಎಂದು ನನ್ನ ಅಕ್ಕನಿಗೆ ಹೇಳಿದರು. ಪಡಸಾಲೆಯಲ್ಲಿ ಭಾವನನ್ನು ಬಿಟ್ಟರೆ ಯಾರೂ ಇರಲಿಲ್ಲ.

ನಾನು ಆಗ ಕಲಬುರಗಿಯಲ್ಲಿ, ಪತ್ರಿಕೆಯೊಂದರ ಸುದ್ದಿ ವಿಭಾಗದಲ್ಲಿ ಕೆಲಸಕ್ಕಿದ್ದೆ. ಸಂಜೆ ಅಕ್ಕ ಫೋನ್ ಮಾಡಿದಳು.

“ನಿಮ್ಮ ಭಾವ ಇವತ್ತ ಚ್ಯಾಷ್ಟಿ ಮಾಡ್ಯಾರ ನೋಡು ತಮ್ಮಾ. ಖಾಲಿ ಗ್ವಾಡಿಗೆ ತಾಟ ಹಾಕು ಅಂತಾರ.”

“ನೀ ಏನ್ ಮಾಡ್ದಿ?”

“ಏನ್ ಮಾಡ್ಲಿ? ಹಾಕೀನಿ. ಅವರು ಉಣ್ಣಲಾರದ ನಾ ಹ್ಯಾಂಗ ಉಣ್ಣಲಿ ಅಂತ ಕುಂತಬಿಟ್ರು.”

ಅವರ ಮನೆತನದಲ್ಲಿ ಶ್ರಾವಣ ಸೋಮವಾರ ಅಯ್ಯನವರನ್ನು, ಅಂದರೆ ಜಂಗಮರನ್ನು, ಕರೆದು, ಪಾದಕ್ಕೆ ನೀರು ಹಾಕಿ, ಉಣ್ಣಿಸಿದ ಮೇಲೆಯೇ ಮನೆಯವರು ಉಣ್ಣುವುದು. ಬಂದವರನ್ನು ಹಸಿದು ಕಳಿಸುವಂತಿಲ್ಲ. ತಾಟಿಗೆ ಬಿದ್ದದ್ದು ಪ್ರಸಾದ, ಒಂದು ಅಗುಳನ್ನೂ ಬಿಡುವಂತಿಲ್ಲ. ಉಂಡ ತಾಟಿಗೆ ನೀರು ಹಾಕಿ ಅದನ್ನೂ ಕುಡಿಯುತ್ತಾರೆ. ಹಾಗಾಗಿ ಯಾರೂ ಮುಟ್ಟದ ಮೂರು ತಾಟಿನ ಹುಗ್ಗಿ, ರೊಟ್ಟಿ, ಬದನೆಕಾಯಿ ಪಲ್ಯವನ್ನು ಮೊದಲ ದಿನ ಅಕ್ಕ ಒಬ್ಬಳೇ ಉಂಡು ಮುಗಿಸಿದಳು. “ಮುಂದಿನ ಸ್ವಾಮಾರ ನೀ ಬಾ, ನನ್ನ ಹೊಟ್ಟಿ ಒಡೀತದ” ಎಂದು ನಕ್ಕಳು.

ಮುಂದಿನ ಸೋಮವಾರ ಹೋದೆ. ಭಾವ ಸ್ನಾನ, ಲಿಂಗಪೂಜೆ ಮುಗಿಸಿ ಶುಭ್ರವಾಗಿ ಕುಳಿತಿದ್ದರು. ಪೇಟೆಯ ಸುದ್ದಿ, ಸ್ಟೀಲಿನ ಧಾರಣೆ ಎಲ್ಲ ಮಾತಾಡಿದರು. ನಡುವೆ ಗೋಡೆಯ ಪಕ್ಕದ ಜಮಖಾನೆಯತ್ತ ನೋಡಿ, “ಜರಾ ಸರದು ಕುಂಡ್ರು. ಅವರಿಗಿ ಇಕ್ಕಟ್ಟ ಆಗಾಕತ್ತದ” ಎಂದು ನನಗೆ ಹೇಳಿದರು. ಹೆದರಿಕೆಯಿಲ್ಲ, ಆವೇಶವಿಲ್ಲ.

“ಯಾರ್ರಿ ಭಾವ ಅವರು?”

“ಯಾರಿಗಿ ಗೊತ್ತು. ಬಿಳೇ ಅರಿವಿ ಉಟ್ಟಾರ. ಮಾತಾಡಂಗಿಲ್ಲ.”

ಭಾವ ಹೇಳಿದ್ದು ಇಷ್ಟೇ. ‘ಶರಣರು’ ಎಂಬ ಪದ ಅವರ ಬಾಯಿಂದ ಆ ದಿನ ಬರಲಿಲ್ಲ, ಮುಂದೆಯೂ ಬರಲಿಲ್ಲ. ಅದನ್ನು ತಂದವರು ಭಾವನ ಅಕ್ಕ. ಅವರು ಬಸವಕಲ್ಯಾಣದಲ್ಲಿ, ಮನೆತನದ ಹಳೆಯ ಮನೆಯಲ್ಲಿರುತ್ತಾರೆ. ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿ, ತಾಯಿಯಿಲ್ಲದ ತಮ್ಮನನ್ನು ಬೆಳೆಸಿದವರು. ಎಲ್ಲರೂ ಅವರನ್ನು ದೊಡ್ಡಕ್ಕ ಎನ್ನುತ್ತಾರೆ. ಮೂರನೆಯ ಸೋಮವಾರ ಅವರು ಬಸ್ಸಿನಲ್ಲಿ ಬಂದಿಳಿದು, ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಖಾಲಿ ಜಮಖಾನೆಗೆ ಸಾಷ್ಟಾಂಗ ಬಿದ್ದರು.

“ಮಾತಾಡಂಗಿಲ್ಲ ಅಂದ್ರ ಮೌನದಾಗ ಅದಾರ” ಎಂದರು. “ಕಲ್ಯಾಣದಾಗ ಹುಟ್ಟಿದವ ನನ್ನ ತಮ್ಮ. ಶರಣರು ಇವನ ಮನಿಗಿ ಬರಲಾರದ ಮತ್ತ್ಯಾರ ಮನಿಗಿ ಬಂದಾರು?”

ಅಂದಿನಿಂದ ಮೂರು ತಾಟಿನ ಪ್ರಸಾದವನ್ನು ಉಣ್ಣುವ ಕೆಲಸ ಅಕ್ಕನ ಮೇಲೆ ಉಳಿಯಲಿಲ್ಲ. ದೊಡ್ಡಕ್ಕ ಉಂಡರು, ಓಣಿಯವರು ಒಬ್ಬೊಬ್ಬರಾಗಿ ಬಂದರು. ಅಕ್ಕನ ತವರು ಹುಲಸೂರಿನಿಂದ ನಮ್ಮ ಚಿಕ್ಕಮ್ಮನೂ ಒಮ್ಮೆ ಬಂದು ಉಂಡು ಹೋದಳು. ಶ್ರಾವಣ ಮುಗಿದರೂ ತಾಟು ನಿಲ್ಲಲಿಲ್ಲ. ಮೂವರು ದಿನಾ ಬರತೊಡಗಿದ್ದರು. ಅಡುಗೆ ಮಾಡುತ್ತಿದ್ದವಳು ಅಕ್ಕ ಒಬ್ಬಳೇ. “ಶರಣರಿಗಿ ರೊಟ್ಟಿ ಬಡಿಯಾಕೂ ಒಬ್ಬಾಕಿ ಶರಣಿ ಬಂದಿದ್ರ ಛಲೋ ಇತ್ತು” ಎಂದು ನನ್ನ ಮುಂದೆ ಹೇಳಿದ್ದಳು.

ಭಾವನದು ಹುಮನಾಬಾದಿನ ಬಜಾರಿನಲ್ಲಿ ಭಾಂಡೆ ಅಂಗಡಿ. ಮದುವೆ, ಮನೆಶಾಂತಿಗೆಂದು ಕೊಳ್ಳುವ ತಾಟು, ಚೆಂಬು, ಡಬ್ಬಿಗಳ ಮೇಲೆ ಕೊಡುವವರ ಹೆಸರನ್ನು ಸಣ್ಣ ಮಷಿನ್ ಹಿಡಿದು ಕೊರೆದುಕೊಡಬೇಕು. ಭಾವನ ಅಕ್ಷರ ಅಚ್ಚು ಹಾಕಿದಂತೆ ಎಂದು ಹೆಸರಿತ್ತು. ಅತಿಥಿಗಳು ಕಾಣುವುದಕ್ಕೆ ಒಂದೆರಡು ವರ್ಷ ಮೊದಲೇ ಆ ಅಕ್ಷರ ಸಣ್ಣದಾಗುತ್ತ, ಸಾಲು ಓರೆಯಾಗಿ ತಾಟಿನ ಅಂಚಿಗೆ ಹತ್ತತೊಡಗಿತ್ತು. ಗಿರಾಕಿಯೊಬ್ಬ ಡಬ್ಬಿಯನ್ನು ಬೆಳಕಿಗೆ ಹಿಡಿದು, “ಸಾವ್ಕಾರ್ರ, ಇದು ನಮ್ಮಪ್ಪನ ಹೆಸರೋ ಇರಬಿ ಸಾಲೋ? ಜೋಡಿಗಿ ಒಂದ್ ಭೂತಗನ್ನಡಿನೂ ಕೊಡ್ರಿ” ಎಂದದ್ದು ನನಗೆ ನೆನಪಿದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಭಾವ ಕನ್ನಡಕ ಬದಲಿಸಿದರು. ಏನೂ ಬದಲಾಗಲಿಲ್ಲ.

2019ರ ದೀಪಾವಳಿಯ ಹೊತ್ತಿಗೆ ಭಾವನ ಮಾತಿನಲ್ಲಿ ಹೊಸದೊಂದು ಸೇರಿತು. ಮೂವರಲ್ಲಿ ಒಬ್ಬ ಊಟವಾದ ಮೇಲೂ ಹೋಗುತ್ತಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಅಕ್ಕ ನೀರು ತರಲು ಹಿತ್ತಲಿಗೆ ಹೋದರೆ ಹಿಂದೆಯೇ ಹೋಗುತ್ತಾನೆ. ಒಂದು ಬೆಳಿಗ್ಗೆ ಅಂಗಡಿಯ ಕಟ್ಟೆಯ ಮೇಲೆ ನಿಂತು, ಚಹಾ ತಂದಿದ್ದ ಅಕ್ಕನ ಮುಂದೆಯೇ, ನಾಲ್ಕು ಮಂದಿ ಕೇಳುವಂತೆ ಭಾವ ಹೇಳಿದರು: “ನನ್ನ ಮನ್ಯಾಗ ಒಬ್ಬಾಂವ ಇರತಾನ. ಇಕಿ ಕರಿಸ್ಯಾಳ.”

ಅಕ್ಕನಿಗೆ ಆಗ ಐವತ್ತೆಂಟು ದಾಟಿತ್ತು. ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಅವಳಿಗೆ ನಿಲ್ಲಲು ಇದ್ದ ನೆಲ ಗಂಡನ ಮಾತೊಂದೇ. ಆ ಮಾತು ಈಗ ಅವಳ ಮೇಲೆಯೇ ತಿರುಗಿತ್ತು.

ಸಂಕ್ರಾಂತಿ ಕಳೆದ ಮೇಲೆ ದೊಡ್ಡಕ್ಕ ಈ ಮಾತಿನ ತೀರ್ಮಾನಕ್ಕೆಂದು ಬಸವಕಲ್ಯಾಣದ ಮನೆಯಲ್ಲಿ ಹಿರಿಯರನ್ನು ಕೂಡಿಸಿದರು. ತವರಿನ ಕಡೆಯಿಂದ ನನ್ನನ್ನು ಕರೆದಿದ್ದರು. ಭಾವ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟರು. ಹಿಂದಿನ ಮೂರು ದಿನ ಅಂಗಿಯ ತೋಳು ಯಾವುದೆಂದು ತಿಳಿಯದೆ ಒದ್ದಾಡಿದ್ದರು ಎಂದು ಅಕ್ಕ ಹೇಳಿದರೆ ಯಾರೂ ನಂಬುವಂತಿರಲಿಲ್ಲ.

“ನೋಡ್ರಿ, ಎಷ್ಟ್ ಬರೋಬರಿ ಮಾತಾಡ್ತಾನ” ಎಂದರು ದೊಡ್ಡಕ್ಕ. “ನನ್ನ ತಮ್ಮ ಕಂಡದ್ದ ಹೇಳ್ತಾನ. ಕಾಣಲಾರದ್ದು ಹೇಳಂಗಿಲ್ಲ.”

“ನಾನೂ ದಿನಾ ಅದೇ ಮನ್ಯಾಗ ಇರತೀನ್ರಿ ದೊಡ್ಡಕ್ಕಾರ” ಎಂದಳು ಅಕ್ಕ. “ನನಗ ಯಾರೂ ಕಂಡಿಲ್ಲ.”

“ನಿನಗ ಮೊದಲೂ ಕಾಣ್ತಿದ್ದಿಲ್ಲ. ಕಾಣಾಕ ಪುಣ್ಯ ಬೇಕು.” ಅವರು ಇನ್ನೊಂದು ಮಾತು ಹೇಳಿದರು: “ಗಂಡನ ಹಾಸಿಗಿ ಬಿಟ್ಟು ಎಷ್ಟು ವರ್ಷ ಆತು ನಿನಗ? ಪಡಸಾಲ್ಯಾಗ ಬ್ಯಾರೆ ಹಾಸ್ಕೊಂಡು ಮಲಗತಿ. ಇದು ಸುಳ್ಳೇನು?”

ಸುಳ್ಳಾಗಿರಲಿಲ್ಲ. ಅಕ್ಕ ತಲೆ ತಗ್ಗಿಸಿದಳು. ಕಾರಣವನ್ನು ಅಷ್ಟು ಗಂಡಸರ ಮುಂದೆ ಹೇಳಲಿಲ್ಲ. ಅವಳು ಸುಮ್ಮನಾದದ್ದನ್ನು ಕೂತವರು ಒಪ್ಪಿಗೆಯೆಂದು ತೆಗೆದುಕೊಂಡರು. ಕೆಲವು ದಿನ ಹುಲಸೂರಿಗೆ ಹೋಗಿರಲಿ ಎಂದು ಒಬ್ಬ ಹಿರಿಯರು ಹೇಳಿದರು. ‘ಕೆಲವು ದಿನ’ ಎಂದರೆ ಎಷ್ಟು ದಿನ ಎಂದು ನಾನು ಕೇಳಿದೆ.

ಆಗ ಅಕ್ಕ ಎದ್ದು ನಿಂತಳು. ದನಿ ಏರಿಸಲಿಲ್ಲ.

“ದೊಡ್ಡಕ್ಕಾರ, ಆ ಮೂರು ಮಂದ್ಯಾಗ ಒಬ್ಬಾಂವ ನನ್ನ ಗೆಣೆಯ ಅಂತೀರಿ. ಅಂವಗ ನೀವು ಅಡ್ಡ ಬಿದ್ದೀರಿ. ಅಂವನ ಮುಂದ ಇಟ್ಟ ತಾಟಿನಾಗಿಂದು ಒಂದ್ ವರ್ಷ ಉಂಡೀರಿ. ನೀವು ಉಂಡದ್ದು ಯಾರ ಎಂಜಲ್ರಿ?”

ಕೂತವರಲ್ಲಿ ಒಬ್ಬರು ಕೆಮ್ಮಿದರು. ದೊಡ್ಡಕ್ಕನ ಮುಖ ಬಿಳಚಿತು. “ನಾಲಿಗಿ ಉದ್ದ ಆಗ್ಯಾದ ನಿಂದು” ಎಂದರು. ಭಾವ ಅಕ್ಕನನ್ನೇ ನೋಡುತ್ತಿದ್ದರು. ಬಳಿಕ ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಕೇಳಿದರು: “ಇಕಿ ಯಾರು? ನಿಮ್ಮಕ್ಕನ ಹಂಗ ಸೀರಿ ಉಟ್ಟಾಳ. ನಿಮ್ಮಕ್ಕ ಎಲ್ಲಿ?”

ಅಕ್ಕನಿಗೆ ಅದು ಕೇಳಿಸಿತು.

ಅಕ್ಕ ಹುಲಸೂರಿಗೆ ಹೋಗಲಿಲ್ಲ, ಭಾವನನ್ನು ಕರೆದುಕೊಂಡು ಹುಮನಾಬಾದಿಗೇ ಮರಳಿದಳು. ಹದಿನೈದು ದಿನದೊಳಗೆ ದೊಡ್ಡಕ್ಕ ಮತ್ತು ಸಂಬಂಧಿಕರು ಭಾವನನ್ನು ಬೇರೊಂದು ಊರಿನ ಖಾಸಗಿ ದವಾಖಾನೆಗೆ ಕರೆದೊಯ್ದರು. ಹೆಂಡತಿಯ ಕಾಟದಿಂದ ತಲೆ ಬಿಸಿಯಾಗಿದೆ ಎಂಬುದು ಅವರು ಅಲ್ಲಿ ಹೇಳಿದ ವಿವರ. ಅಕ್ಕನನ್ನು ಜೊತೆಗೆ ಕರೆಯಲಿಲ್ಲ. ಭ್ರಮೆ, ಉದ್ರೇಕ ತಗ್ಗಿಸಲು ಬಹಳ ಕಾಲದಿಂದ ಬಳಕೆಯಲ್ಲಿರುವ ಒಂದು ಇಂಜೆಕ್ಷನ್ ಕೊಟ್ಟರು, ಅದೇ ಬಗೆಯ ಗುಳಿಗೆ ಬರೆದರು. ಮೂರನೆಯ ದಿನಕ್ಕೆ ಭಾವನ ಮೈ ಮರದ ಕೊರಡಿನಂತೆ ಸೆಟೆಯಿತು. ನೀರು ಗಂಟಲಿಗೆ ಇಳಿಯುತ್ತಿರಲಿಲ್ಲ. ಕಣ್ಣು ತೆರೆದಿದ್ದವು, ರೆಪ್ಪೆ ಬಡಿಯುತ್ತಿರಲಿಲ್ಲ.

ಸಂಬಂಧಿಕರು ಅವರನ್ನು ಹುಮನಾಬಾದಿನ ಮನೆಯಲ್ಲಿ ಇಳಿಸಿ ಹೋದರು. ಅಕ್ಕ ನನಗೆ ಫೋನ್ ಮಾಡಿ, “ಗಾಡಿ ತಗೊಂಡು ಬಾ” ಎಂದಷ್ಟೇ ಹೇಳಿದಳು. ಅಂದೇ ಹೆದ್ದಾರಿ ಹಿಡಿದು ಹೈದರಾಬಾದಿಗೆ ಹೊರಟೆವು.

ಅಲ್ಲಿನ ನರರೋಗ ವೈದ್ಯೆ ಮೊದಲು ಆ ಔಷಧ ನಿಲ್ಲಿಸಿದರು. ಭಾವ ಚೇತರಿಸಿಕೊಂಡು ಗಂಜಿ ನುಂಗುವಂತಾಗಲು ಎರಡು ವಾರ ಹಿಡಿಯಿತು. ಆಮೇಲೆ ಆಕೆ ಅಕ್ಕನನ್ನು ಎದುರು ಕೂರಿಸಿಕೊಂಡು ಹಿಂದಿಯಲ್ಲಿ ಒಂದೊಂದೇ ಕೇಳಿದರು. ಕೈಬರಹ ಸಣ್ಣದಾಯಿತೇ? ನಡಿಗೆ ನಿಧಾನವಾಯಿತೇ? ಒಂದು ದಿನ ಚುರುಕು, ಒಂದು ದಿನ ಮಂಕು, ಹೀಗಿತ್ತೇ? ಕಾಣುವವರು ಮಾತಾಡುತ್ತಾರೆಯೇ, ಸುಮ್ಮನಿರುತ್ತಾರೆಯೇ? ಆಮೇಲೆ: “ನೀಂದ್ ಮೇ ಹಾಥ್ ಪಾಂವ್ ಮಾರ್ತೇ ಥೇ ಕ್ಯಾ?” ನಿದ್ದೆಯಲ್ಲಿ ಕೈಕಾಲು ಬಡಿಯುತ್ತಿದ್ದರೇ?

ಅಕ್ಕ ನನ್ನ ಮುಖ ನೋಡಿದಳು. ನಾನು ಹೊರಗೆ ಹೋಗಲು ಎದ್ದೆ. “ಕುಂಡ್ರು” ಎಂದಳು. ತನ್ನ ದಖನಿ ಬೆರೆತ ಹಿಂದಿಯಲ್ಲಿ, ವೈದ್ಯೆಗೆ, ಎಷ್ಟೋ ವರ್ಷದಿಂದ ಹೊತ್ತುಕೊಂಡದ್ದನ್ನು ಹೇಳಿದಳು. ಭಾವನಿಗೆ ಐವತ್ತು ತುಂಬುವ ಮೊದಲೇ ನಿದ್ದೆಯಲ್ಲಿ ಯಾರನ್ನೋ ಹೊಡೆಯುವುದು, ಒದೆಯುವುದು, ಕೂಗುವುದು ಶುರುವಾಗಿತ್ತು. ಒಮ್ಮೆ ಅವಳ ಹಲ್ಲು ಅಲುಗಾಡಿತು. ಬಚ್ಚಲಲ್ಲಿ ಬಿದ್ದೆ ಎಂದು ಓಣಿಯವರಿಗೆ ಹೇಳಿದ್ದಳು. ಬೆಳಿಗ್ಗೆ ಭಾವನಿಗೆ ಏನೂ ನೆನಪಿರುತ್ತಿರಲಿಲ್ಲ. ಅವಳು ಹಾಸಿಗೆ ಪಡಸಾಲೆಗೆ ತಂದದ್ದು ಆಗ.

“ಯಾರಿಗೂ ಯಾಕೆ ಹೇಳಲಿಲ್ಲ?” ಎಂದರು ವೈದ್ಯೆ.

“ಹೇಂತಿಗಿ ಹೊಡಿಯಾಂವ ಅಂತ ಅನ್ನಿಸ್ಕೋತಿದ್ರು ಅವರು” ಎಂದಳು ಅಕ್ಕ, ಕನ್ನಡದಲ್ಲೇ. ನಾನು ಅದನ್ನು ಹಿಂದಿಗೆ ತಿರುಗಿಸಿದೆ.

ವೈದ್ಯೆ ಬರೆದ ರೋಗದ ಹೆಸರು ಲೂಯಿ ಬಾಡಿ ಡಿಮೆನ್ಶಿಯಾ. ಮೆದುಳಿನ ನರಕೋಶಗಳೊಳಗೆ ಒಂದು ಬಗೆಯ ಪ್ರೋಟೀನು ಮಡಚಿಕೊಳ್ಳಬೇಕಾದ ರೀತಿಯಲ್ಲಿ ಮಡಚಿಕೊಳ್ಳದೆ ಉಂಡೆಗಟ್ಟುತ್ತದೆ. ಕೋಶಗಳು ಒಂದರೊಡನೊಂದು ವ್ಯವಹರಿಸಲಾಗದೆ ಸಾಯುತ್ತವೆ. ಮೊದಲಿಗೆ ಹಾಳಾಗುವುದು ನೆನಪಿನ ಶಕ್ತಿಯಾಗಿರಬೇಕೆಂದಿಲ್ಲ. ಕಣ್ಣು ಸರಿಯಾಗಿಯೇ ಇರುತ್ತದೆ. ಕಣ್ಣು ಕಳಿಸಿದ್ದಕ್ಕೆ ಅರ್ಥ ಕೊಡುವ ಭಾಗ, ಎಚ್ಚರವನ್ನು ಹಿಡಿದಿಡುವ ಭಾಗ ಕೆಡುತ್ತವೆ. ಇಲ್ಲದವರು ಸ್ಪಷ್ಟವಾಗಿ ಕಾಣುತ್ತಾರೆ, ಸಾಮಾನ್ಯವಾಗಿ ಮಾತಿಲ್ಲದೆ. ಮುಖ ಗುರುತು ಸಿಕ್ಕರೂ ಆ ಮುಖದ ಆತ್ಮೀಯತೆ ತಲುಪದಿದ್ದಾಗ, ಹೆಂಡತಿ ಹೆಂಡತಿಯಂತಿರುವ ಬೇರೆ ಯಾರೋ ಆಗುತ್ತಾಳೆ. ಕನಸು ಕಾಣುವಾಗ ಎಲ್ಲರ ಸ್ನಾಯುಗಳೂ ಸಡಿಲವಾಗಿ ಮೈ ಅಲ್ಲಾಡದಂತೆ ಮೆದುಳು ನೋಡಿಕೊಳ್ಳುತ್ತದೆ. ಈ ರೋಗದಲ್ಲಿ ಅದು ಬಹಳ ಮೊದಲೇ, ಕೆಲವೊಮ್ಮೆ ದಶಕಗಳ ಹಿಂದೆಯೇ, ತಪ್ಪುತ್ತದೆ.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ನಾನು ಹುಮನಾಬಾದಿನಲ್ಲೇ ಉಳಿದೆ. ಪತ್ರಿಕೆಯ ದಿನದ ಕೆಲಸ ಅಲ್ಲಿಂದಲೇ ಮುಗಿಸಿದ ಮೇಲೆ ಈ ರೋಗದ ಹಿಂದಿನ ಕಥೆ ಓದಿದೆ. 1912ರಲ್ಲಿ ಜರ್ಮನಿಯ ವೈದ್ಯನೊಬ್ಬ, ಕೈ ನಡುಗುವ ಕಾಯಿಲೆಯಿಂದ ಸತ್ತವರ ಮೆದುಳಿನಲ್ಲಿ ಈ ಉಂಡೆಗಳನ್ನು ಸೂಕ್ಷ್ಮದರ್ಶಕದಡಿ ಕಂಡು ವರ್ಣಿಸಿದ. ಅವಕ್ಕೆ ಲೂಯಿ ಎಂಬ ಅವನ ಹೆಸರಿಟ್ಟವನು ಇನ್ನೊಬ್ಬ, ಏಳು ವರ್ಷದ ನಂತರ. ಕಂಡವನು ಯಹೂದಿ, 1933ರಲ್ಲಿ ಹುದ್ದೆ ಕಳೆದುಕೊಂಡು ದೇಶ ಬಿಟ್ಟ. ಬುದ್ಧಿ ಮಂಕಾದವರ ಮೆದುಳಿನ ಹೊರಪದರದಲ್ಲೂ ಇದೇ ಉಂಡೆಗಳಿವೆ ಎಂಬ ವರದಿ 1961ರಲ್ಲಿ ಬಂತು. 1976ರಿಂದ ಜಪಾನಿನ ವೈದ್ಯರು ಅಂಥ ಪ್ರಕರಣಗಳನ್ನು ಒಂದೊಂದಾಗಿ ಪ್ರಕಟಿಸಿದರು. ಅಲ್ಲಿಯತನಕ ಇದು ಅಪರೂಪವೆಂದೇ ಎಣಿಸಿದ್ದರು. ಉಂಡೆಗಳಿಗೆ ಬಣ್ಣ ಹಿಡಿಸುವ ಹೊಸ ವಿಧಾನ ಬಂದ ಮೇಲೆ ಅಪರೂಪವಲ್ಲವೆಂದು ತಿಳಿಯಿತು. ರೋಗ ಗುರುತಿಸುವ ಮಾನದಂಡ 1996ರಲ್ಲಿ ಬಂತು, ಉಂಡೆಯ ಪ್ರೋಟೀನು ಯಾವುದೆಂದು 1997ರಲ್ಲಿ ಗೊತ್ತಾಯಿತು. ಭಾವನಿಗೆ ಕೊಟ್ಟಂಥ ಔಷಧದಿಂದ ಈ ರೋಗಿಗಳಿಗೆ ಪ್ರಾಣಾಪಾಯವಿದೆ ಎಂಬ ಎಚ್ಚರಿಕೆ 1992ರಲ್ಲೇ ಅಚ್ಚಾಗಿತ್ತು. ನಿದ್ದೆಯಲ್ಲಿ ಕೈಕಾಲು ಬಡಿಯುವುದನ್ನು ರೋಗದ ಮುಖ್ಯ ಲಕ್ಷಣಗಳ ಸಾಲಿಗೆ ಸೇರಿಸಿದ್ದು 2017ರಲ್ಲಿ. ಮೂರು ತಾಟು ಹಾಕಿದ್ದು ಅದರ ಮರುವರ್ಷ.

ಇದನ್ನೆಲ್ಲ ಅಕ್ಕನಿಗೆ ಓದಿ ಹೇಳಿದೆ. ಅವಳು ಶೇಂಗಾ ಸುಲಿಯುತ್ತ ಕೇಳಿದಳು. ಒಳಗೆ ಭಾವ, “ಬಾಯಿ, ಜರಾ ನೀರ ಕೊಡ್ರಿ” ಎಂದು ಅವಳನ್ನೇ ಕರೆಯುತ್ತಿದ್ದರು, ಪರಸ್ತ್ರೀಯನ್ನು ಕರೆವ ಮರ್ಯಾದೆಯಲ್ಲಿ.

“ರೋಗ ಅಂತ ತಿಳೀತು” ಎಂದಳು ಅಕ್ಕ, ನೀರು ಕೊಟ್ಟು ಬಂದು. “ಆದ್ರ ಅಂಗಡಿ ಕಟ್ಟಿ ಮ್ಯಾಲ ನಿಂತು ಅಂದದ್ದು ಅವರ ದನಿಯಾಗೇ ಕೇಳೀನಲ್ಲ ತಮ್ಮಾ. ಪ್ರೋಟೀನಿನ ದನಿಯಾಗ ಅಲ್ಲ.”

ಬಸ್ಸು ಮತ್ತೆ ಓಡತೊಡಗಿದ ಮೇಲೆ ವೈದ್ಯೆಯ ವರದಿ ಹಿಡಿದು ಬಸವಕಲ್ಯಾಣಕ್ಕೆ ಹೋದೆ. ಅಕ್ಕ ಕೇಳಿದ್ದು ಒಂದೇ: ದೊಡ್ಡಕ್ಕ ಅದೇ ಹಿರಿಯರನ್ನು ಕೂಡಿಸಿ, ಆ ದಿನ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು.

“ಬರ್ರಿ ಬೀಗ್ರ” ಎಂದು ದೊಡ್ಡಕ್ಕ ಚಹಾ ಕೊಟ್ಟರು. ವರದಿಯನ್ನು ಕನ್ನಡದಲ್ಲಿ ಹೇಳಿಸಿಕೊಂಡರು.

“ಹಂಗಾರ ಆ ಒಬ್ಬಾಂವ ಸುಳ್ಳು?”

“ಹೌದ್ರಿ. ಅಂವ ರೋಗದಿಂದ ಕಂಡಾಂವ.”

“ಮೂವರೂ?”

“ಮೂವರೂ.”

“ನಾ ಬಿದ್ದದ್ದು ಗ್ವಾಡಿಗೆ ಅಂತೀರೇನು? ಒಂದ್ ವರ್ಷ ಉಂಡದ್ದು ಪ್ರಸಾದ ಅಲ್ಲ, ರೋಗ ಅಂತೀರೇನು?”

ಅವರು ವರದಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುವಿದರು.

“ಇದರಾಗ ಖರೇ ಅದೇ ರೋಗ ಅಂತ ಬರದಾರೇನು? ಓದಿ ಹೇಳ್ರಿ. ನೀವು ಪೇಪರ್‌ನವರು, ಇದ್ದದ್ದ ಹೇಳ್ರಿ.”

ಇದ್ದದ್ದನ್ನೇ ಹೇಳಿದೆ. ‘ಬಹುತೇಕ’ ಎಂದು ಬರೆದಿತ್ತು. ಬದುಕಿರುವ ರೋಗಿಯ ವಿಷಯದಲ್ಲಿ ವೈದ್ಯರು ಅಷ್ಟೇ ಬರೆಯಲು ಸಾಧ್ಯ. ಸತ್ತ ಮೇಲೆ ಮೆದುಳನ್ನು ಪರೀಕ್ಷಿಸಿ, ಉಂಡೆಗಳನ್ನು ಕಂಡರಷ್ಟೇ ಖಚಿತ.

“ಬಹುತೇಕ” ಎಂದು ದೊಡ್ಡಕ್ಕ ತಿರುಗಿ ಹೇಳಿದರು. “ಬಹುತೇಕದ ಮ್ಯಾಲ ನಾ ಶರಣರನ್ನ ಬಿಡ್ಲೇನು?” ವರದಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಮುಂದಿಟ್ಟರು. ಹಿರಿಯರನ್ನು ಕೂಡಿಸಲಿಲ್ಲ.

ಆ ವರ್ಷ ಕಾರ್ತಿಕದಲ್ಲಿ ದೊಡ್ಡಕ್ಕನ ಕಡೆಯವರೊಬ್ಬರು ಹುಮನಾಬಾದಿಗೆ ಬಂದು, ಅತಿಥಿಗಳಿಗೆ ಹಾಕುತ್ತಿದ್ದ ಮೂರು ತಾಟುಗಳನ್ನು ಕೇಳಿ ಪಡೆದುಕೊಂಡು ಹೋದರು. ಅಕ್ಕ ತೊಳೆದು, ಒರೆಸಿ ಕೊಟ್ಟಳು. ಭಾವನೇ ಅಂಗಡಿಯಿಂದ ತಂದು ಹೆಸರು ಕೊರೆದಿದ್ದ ತಾಟುಗಳು ಅವು. ಗಂಡ ಹೆಂಡತಿ ಇಬ್ಬರ ಹೆಸರೂ ಇದ್ದವು. ಸಣ್ಣ ಅಕ್ಷರ, ಅಂಚಿಗೆ ಹತ್ತಿದ ಸಾಲು.

ರೋಗ ಗೊತ್ತಾದ ಮೇಲೆ ಭಾವ ನಾಲ್ಕು ವರ್ಷ ಬದುಕಿದರು. ಅಂಗಡಿ ಮುಚ್ಚಿತು. ಕೆಲವು ಬೆಳಿಗ್ಗೆ ಅಕ್ಕನ ಗುರುತು ಸಿಗುತ್ತಿತ್ತು; ಅಂಥ ಬೆಳಿಗ್ಗೆ, “ಎಲ್ಲಿ ಹೋಗಿದ್ದಿ ಇಷ್ಟು ದಿನ?” ಎಂದು ಸಿಟ್ಟಾಗುತ್ತಿದ್ದರು. ಕೊನೆಯ ಸಲ ಹೈದರಾಬಾದಿಗೆ ಹೋದಾಗ ವೈದ್ಯೆ ಬಹಳ ಸಂಕೋಚದಿಂದ, ಮುಂದೆ ಮನೆಯವರು ಒಪ್ಪಿದರೆ ಮೆದುಳಿನ ಪರೀಕ್ಷೆ ಮಾಡಬಹುದು ಎಂದಿದ್ದರು. ದಾರಿಯಲ್ಲಿ ನಾನು ಅಕ್ಕನಿಗೆ ನೆನಪಿಸಿದೆ: ಅದಾದರೆ ‘ಬಹುತೇಕ’ ಹೋಗುತ್ತದೆ, ದೊಡ್ಡಕ್ಕನಿಗೆ ಆಡಲು ಮಾತಿರುವುದಿಲ್ಲ.

ಅಕ್ಕ ಹಿಂದಿನ ಸೀಟಿನಲ್ಲಿ ಭಾವನ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು ಕುಳಿತಿದ್ದಳು.

“ನಾವು ಮಣ್ಣಿಗಿ ಇಡೂ ಮಂದಿ. ಕುಂಡ್ರಿಸಿ, ಕೈಯಾಗ ಲಿಂಗ ಕೊಟ್ಟು ಇಡತೀವಿ” ಎಂದಳು. “ಇವರ ತಲಿ ಒಡದು ನನ್ನ ಮಾನ ತೋರಿಸ್ಲೇನು? ನೀ ಸುಮ್ನ ಗಾಡಿ ನೋಡು.”

2024ರ ಮಾಘದಲ್ಲಿ ಭಾವ ತೀರಿಕೊಂಡರು. ಬಸವಕಲ್ಯಾಣದ ಹೊಲದಲ್ಲಿ, ತಂದೆಯ ಗದ್ದುಗೆಯ ಪಕ್ಕದಲ್ಲಿ ಸಮಾಧಿಯಾಯಿತು. ಮೆದುಳಿನ ಪರೀಕ್ಷೆ ನಡೆಯಲಿಲ್ಲ. ಹೈದರಾಬಾದಿನ ಕಡತದಲ್ಲಿ ರೋಗದ ಹೆಸರಿನ ಮುಂದೆ ‘ಬಹುತೇಕ’ ಎಂಬ ಪದ ಹಾಗೆಯೇ ಇದೆ.

2025ರ ಶ್ರಾವಣದ ಮೊದಲ ಸೋಮವಾರ ಬಸವಕಲ್ಯಾಣದ ಮನೆಯಲ್ಲಿ ದೊಡ್ಡಕ್ಕ ಅದೇ ಮೂರು ತಾಟು ಹಾಕಿ, ಓಣಿಯವರನ್ನು ಕರೆದು ಪ್ರಸಾದ ಹಂಚಿದರು. ಹುಮನಾಬಾದಿನಲ್ಲಿದ್ದ ಅಕ್ಕನಿಗೆ ಕರೆ ಬರಲಿಲ್ಲ.